ಸಿಡುಕಕ್ಕ ಮತ್ತು ಹೆಪ್ಪುಗಟ್ಟದ ರಕ್ತ

ಒಂದು ಪ್ರಾಣಿಗಳ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ರಕ್ತ, ಮೂತ್ರ ಪರೀಕ್ಷೆ ಮಾಡುವ ಹೆಂಗಸೊಬ್ಬಳಿದ್ದಾಳೆ. ಕೋಪ ಸದಾ ಮೂಗಿನ ತುದಿಯಲ್ಲೇ ಇರುವುದರಿಂದ ಎಲ್ಲರ ಬಾಯಲ್ಲೂ ಸಿಡುಕಕ್ಕ. ಅವಳ ಕೋಣೆಯ ಮುಂದೆ ನಾಯಿಗಳೂ ಬಾಲ ಮುದುರಿಕೊಂಡು ಹೋಗುತ್ತವೆ ಎಂದು ಗೇಟಿನವನು ಹೇಳುತ್ತಾನೆ. ಅವಳಿಗೆ ಕೇಳಿಸುವ ಹಾಗೆ ಮಾತ್ರ ಹೇಳಿದ್ದಿಲ್ಲ.

ಹೊಸ ಡಾಕ್ಟರಿಗೂ ಅವಳಿಗೂ ಬಂದ ದಿನದಿಂದಲೇ ಎಣ್ಣೆ ಸೀಗೆಕಾಯಿ. ವರದಿಯ ಕೆಳಗೆ ಅವಳು ಬರೆಯುತ್ತಿದ್ದ ಟಿಪ್ಪಣಿಗೆ ಅವರು ಅಡ್ಡಗೀಟು ಹಾಕಿದ್ದರು. "ಯಂತ್ರ ಕೊಟ್ಟ ಅಂಕಿ ಸಾಕು. ನಿಮ್ಮ ಪುರಾಣ ಬೇಡ."

ಒಂದು ಬೆಳಗ್ಗೆ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ವಾಂತಿ ಮಾಡುತ್ತಿದ್ದ ಕಂದು ನಾಯಿಯನ್ನು ಹೊತ್ತು ತಂದಳು. ಡಾಕ್ಟರ್ ತಾವೇ ರಕ್ತ ತೆಗೆದು ಎರಡು ಕೊಳವೆಗಳಲ್ಲಿ ತುಂಬಿ, ಮೂತ್ರದ ಜೊತೆ ಕಳಿಸಿದರು. ಕೆಂಪು ಮುಚ್ಚಳದ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟಬೇಕು. ಎಷ್ಟು ಹೊತ್ತಾದರೂ ಹೆಪ್ಪುಗಟ್ಟಲಿಲ್ಲ. ನೇರಳೆ ಮುಚ್ಚಳದ್ದು ಅರ್ಧ ಖಾಲಿ. ಸಿಡುಕಕ್ಕನ ನಾಲಿಗೆ ತುರಿಸಿತು. ಪುರಾಣ ಬೇಡ ಅಂದರಲ್ಲ, ಅನುಭವಿಸಲಿ ಎಂದು ಬರೀ ಅಂಕಿ ಕಳಿಸಿದಳು. ಪೊಟ್ಯಾಸಿಯಂ ಆಕಾಶದಲ್ಲಿತ್ತು, ಕ್ಯಾಲ್ಸಿಯಂ ಪಾತಾಳದಲ್ಲಿ.

ತುಸು ಹೊತ್ತಿಗೆ ಗೋಡೆಯಾಚೆಯಿಂದ ಡಾಕ್ಟರ ದನಿ. "ಪೊಟ್ಯಾಸಿಯಂ ಇಷ್ಟು ಏರಿದೆ ಅಂದ್ರೆ ಕಿಡ್ನಿ ಪೂರ್ತಿ ಹೋಗಿದೆಯಮ್ಮ. ನರಳಿಸೋದು ಬೇಡ, ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡೋಣ." ಹಿಂದೆಯೇ ಆ ಹೆಂಗಸಿನ ಅಳು.

ಸಿಡುಕಕ್ಕ ಕೈಗವಸು ಬಿಚ್ಚದೆ ಓಡಿಬಂದಳು.

"ಸಿರಿಂಜ್ ಕೆಳಗಿಡಿ! ಈ ಅಂಕಿ ನಿಜ ಆಗಿದ್ರೆ ನಾಯಿಯ ಹೃದಯ ಯಾವಾಗಲೋ ನಿಲ್ಲಬೇಕಿತ್ತು. ಅದು ನಿಮ್ಮ ಪ್ಯಾಂಟ್ ಕಚ್ಚಿ ಎಳೀತಾ ಇದೆ. ಮೂತ್ರದ ವರದಿ ನೋಡಿದ್ರಾ? ಗಟ್ಟಿಯಾಗಿದೆ. ಕೆಟ್ಟ ಕಿಡ್ನಿಯಾಗಿದ್ರೆ ನೀರು ನೀರಾಗಿ ಇರ್ತಿತ್ತು."

"ನೀವೇನು ಡಾಕ್ಟರಾ?"

"ಅಲ್ಲ. ಅದಕ್ಕೇ ನೋಡಿದೆ. ಕೆಂಪು ಕೊಳವೆಗೆ ರಕ್ತ ಸಾಲದೆ ನೇರಳೆಯದರಿಂದ ಸುರಿದ್ರಿ ತಾನೇ?"

ಡಾಕ್ಟರ ಮುಖ ಬಿಳಿಚಿತು. ನೇರಳೆ ಕೊಳವೆಯ ತಳದಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಉಪ್ಪಿರುತ್ತದೆ. ಆ ಉಪ್ಪಿನ ತುಂಬ ಪೊಟ್ಯಾಸಿಯಂ. ಕ್ಯಾಲ್ಸಿಯಂ ಸಿಕ್ಕರೆ ಅದು ಹಿಡಿದು ಕಟ್ಟಿಹಾಕುತ್ತದೆ.

ಮತ್ತೆ ರಕ್ತ ತೆಗೆದರು. ಅಂಕಿಗಳೆಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಬರೀ ಹೊಟ್ಟೆ ಕೆಟ್ಟಿತ್ತು.

ನಾಯಿಯನ್ನು ಎದೆಗವಚಿಕೊಂಡ ಹೆಂಗಸು ಕೈ ಮುಗಿಯಲಿಲ್ಲ. "ನಿಮಗೆ ಮೊದಲೇ ಗೊತ್ತಿತ್ತಾ?" ಎಂದು ಸಿಡುಕಕ್ಕನನ್ನೇ ಕೇಳಿದಳು.

"ಟಿಪ್ಪಣಿ ಬೇಡ ಅಂದಿದ್ರು ಇವರು, ಅದಕ್ಕೇ ಬರೀಲಿಲ್ಲ" ಎನ್ನುತ್ತ ಸಿಡುಕಕ್ಕ ಕೈಗವಸು ಬಿಚ್ಚತೊಡಗಿದಳು.

"ನಿಮ್ಮಿಬ್ಬರ ಜಗಳಕ್ಕೆ ನನ್ನ ನಾಯಿ ಬೇಕಿತ್ತಾ? ಥೂ!"

ಹೆಂಗಸು ನಾಯಿಯನ್ನು ಹೊತ್ತುಕೊಂಡು ಹೊರಟುಹೋದಳು.

ಮರುದಿನದಿಂದ ಪ್ರತಿ ವರದಿಯ ಕೆಳಗೂ ಕೆಂಪು ಶಾಯಿಯ ಪುರಾಣ. ಡಾಕ್ಟರ್ ಹಲ್ಲು ಕಡಿಯುತ್ತ ಕೊನೆಯ ಸಾಲಿನವರೆಗೂ ಓದುತ್ತಾರೆ. ಇಬ್ಬರ ನಡುವೆ ಮಾತು ಮಾತ್ರ ಇವತ್ತಿಗೂ ಇಲ್ಲ.