ಮುಚ್ಚಳದ ಮ್ಯಾಲಿನ ಮೂರು ಗೆರಿ

ಮರಾಠಿ ನಾಡಿನ ಗಡಿ ಊರು ಕಾಸಾರಶಿರಸಿ, ಅಲ್ಲಿ ಬಸ್ ಸ್ಟ್ಯಾಂಡ್ ಹತ್ರ ನಂದೊಂದು ಮೆಡಿಕಲ್ ಅದ. ಒಂದು ಕಡಿ ಮನಶ್ಯಾರ ಔಷಧ, ಇನ್ನೊಂದು ಕಡಿ ದನಾ-ಕುರಿ ಔಷಧ. ಯಾರರೆ ಬಂದು "ಕುರಿ ಜಂತಿನ ಔಷಧ ಅದ ಏನ್ರೀ?" ಅಂತ ಕೇಳಿದ್ರ, "ಖಲಾಸ್ ಆಗ್ಯದ್ರೀ, ನಿಲಂಗಾಕ್ಕ ಹೋಗ್ರಿ" ಅಂತೀನಿ. ಖಲಾಸ್ ಆಗಿಲ್ಲ, ನಾನೇ ತರಸೋದು ಬಿಟ್ಟೀನಿ. ಗಿರಾಕಿ ಗೊಣಗ್ಕೋತ ಹೋಗ್ತಾರ. ಹೋಗವಲ್ರ್ಯಾಕ. ಆ ಬಿಳಿ ಬಾಟಲಿ ಮತ್ತ ನನ್ನ ಅಂಗಡ್ಯಾಗ ಇಡಂಗಿಲ್ಲ.

ನನಗ ಒಬ್ಬಾಕೀನೇ ಅಕ್ಕ ಇದ್ದಳು. ಆಕೀನ ಸಾಸ್ತೂರ ಕಡಿ ಒಂದು ಹಳ್ಳಿಗಿ ಕೊಟ್ಟಿದ್ರು. ಕುರಿ ಸಾಕೋ ಮನಿ, ಬೀರಪ್ಪನ ಒಕ್ಕಲು. ಭೂಕಂಪ ಆದ ಮ್ಯಾಲ ಹೊಸದಾಗಿ ಕಟ್ಟಿದ ಊರದು, ಎಲ್ಲಾ ಮನಿ ಒಂದೇ ನಮೂನಿ. ಅಕ್ಕನ ಮನಿ ಗುರ್ತು ಹಿಡಿಯೋದು ಚೌಕಟ್ಟಿಗಿ ಬಡದ ಭಂಡಾರದ ಮ್ಯಾಲ. ಭಂಡಾರ ಅಂದ್ರ ಬೀರಪ್ಪನ ಅರಿಶಿಣ ಪುಡಿ. ಆ ಮನ್ಯಾಗ ಹಣಿ, ಕೈ, ಸೆರಗು, ಗ್ವಾಡಿ ಎಲ್ಲಾ ಹಳದಿನೇ. ಭಾವ ವರ್ಷದಾಗ ಅರ್ಧಾ ದಿನ ಕುರಿ ಹಿಂದ ಹೊರಗ ಇರ್ತಿದ್ದ. ಮನ್ಯಾಗ ಅಕ್ಕ, ಮತ್ತ ಆಕಿ ಅತ್ತಿ, ಇಬ್ಬರೇ.

ಆ ಅತ್ತಿ ಆಳಂದ ಕಡಿಯಾಕಿ. ಮದುವಿಯಾಗಿ ಈ ಕಡಿ ಬಂದು ಎಷ್ಟೋ ವರ್ಷ ಆದ್ರೂ ಮರಾಠಿ ಆಕಿ ನಾಲಿಗಿಗಿ ಹತ್ತಲಿಲ್ಲ. ಓದ್ಲಾಕ ಬರಲ್ಲ, ಕಿವಿ ಮಂದ. ಆದ್ರ ಅಕ್ಕನ ಮ್ಯಾಲ ಜೀವ ಇಟ್ಟಿದ್ದಳು. ಅಕ್ಕಗ ಮಕ್ಕಳಾಗಲಿಲ್ಲ ಅಂತ ಊರ ಮಂದಿ ಏನರೆ ಅಂದ್ರ, ಕೈಯಾಗಿನ ಕಸಬರಿಗಿ ತಗೊಂಡೇ ಮಾತಾಡ್ಸಾಕಿ.

ಎರಡು ವರ್ಷದ ಹಿಂದ ಅಕ್ಕನ ಎದಿಯಾಗ ಗಂಟು ಕಾಣಿಸ್ತು. ನಾನೇ ಲಾತೂರಕ್ಕ ಕರಕೊಂಡು ಹೋದೆ. ಅಲ್ಲಿ ಡಾಕ್ಟರ್ ಬಾಯಿ ಎಲ್ಲಾ ತಪಾಸಣಿ ಮಾಡಿ, ಕ್ಯಾನ್ಸರ್ ಅಂದಳು. "ಆರು ಸಲ ಕಿಮೋ ಕೊಡೋಣ. ಗಂಟು ಸಣ್ಣದಾದ ಮ್ಯಾಲ ಆಪರೇಷನ್. ಹೆದರಬ್ಯಾಡ್ರಿ, ಇದು ಕೈಯಾಗಿನ ಮಾತು" ಅಂದಳು. ಎರಡು ಕಿಮೋ ಆಗೂದ್ರಾಗ ಗಂಟು ಖರೇನೇ ಕರಗಿತ್ತು. ಅಕ್ಕನ ಕೂದ್ಲ ಹೋಗಿದ್ವು, ಆದ್ರ ಆಕಿ ಸೆರಗು ತಲಿ ಮ್ಯಾಲ ಎಳಕೊಂಡು, "ನೋಡು, ಈಗ ನಾನೂ ಕೂದ್ಲ ಕತ್ತರಿಸಿದ ಕುರಿ" ಅಂತ ನಗ್ತಿದ್ದಳು. ಇನ್ನ ನಾಕು ಕಿಮೋ, ಆಮ್ಯಾಲ ಆಪರೇಷನ್, ಅಷ್ಟೇ ಉಳದಿತ್ತು.

ಅಷ್ಟಕ್ಕ ನಾ ಸುಮ್ಮನಿರಬೇಕಿತ್ತು. ನನಗೆಲ್ಲಿ ಸುಮ್ಮನಿರ್ಲಾಕ ಬರ್ತದ! ಸಣ್ಣಾಕಿ ಇದ್ದಾಗಿಂದ ನಂದು ಮೂಗು ಉದ್ದ. ಅಂಗಡ್ಯಾಗ ಕುಂತು ಮೊಬೈಲ್ ನೋಡ್ತಿದ್ದೆ. ಯಾರೋ ಒಬ್ಬಂವಾ ಬಿಳಿ ಕೋಟ್ ಹಾಕ್ಕೊಂಡು ಹೇಳ್ಲಾಕ ಹತ್ತಿದ್ದ. ಕ್ಯಾನ್ಸರಿನ ಕೋಶ ಹೊಟ್ಟಿಬಾಕ, ಬ್ಯಾರೆ ಕೋಶಗಿಂತ ಹೆಚ್ಚ ಸಕ್ರಿ ತಿಂತದ, ಅದರ ತುತ್ತು ಕಸಗೊಂಡ್ರ ತಾನೇ ಸಾಯ್ತದ. ಅದಕ್ಕ ಹೊಸಾ ಔಷಧ ಯಾಕ ಬೇಕು? ಸಕ್ರಿ ಬ್ಯಾನಿ ಗುಳಿಗಿ, ಜಂತಿನ ಔಷಧ, ಅಡಿಗಿಮನಿ ಅರಿಶಿಣ, ಇವೇ ಸಾಕು ಅಂದ. ಜಂತಿನ ಔಷಧದಾಗೂ ಜಾನವಾರಕ್ಕ ಹಾಕೋದೇ ಜೋರು ಅಂದ.

ಓದು ಬರಲಾರದಾಕಿ ಇದ್ದಿದ್ರ ಕೇಳಿ ಬಿಡ್ತಿದ್ದೆನೋ ಏನೋ. ನಾ ಉದಗೀರದಾಗ ಡಿ ಫಾರ್ಮಸಿ ಮಾಡಿದಾಕಿ. ಟ್ರಂಕಿನ್ಯಾಗಿಂದ ಹಳೇ ನೋಟುಬುಕ್ ತಗದು ಹುಡಕದೆ. ನನ್ನ ಕೈಲೇ ಬರದದ್ದು ಸಿಕ್ತು: ಈ ಜಾತಿ ಔಷಧ ಜಂತಿಗಿ ಸಕ್ರಿ ಹೀರ್ಲಾಕ ಬಿಡಲ್ಲ, ಜಂತು ಉಪಾಸ ಬಿದ್ದು ಸಾಯ್ತದ. ಅಬ್ಬಾ, ನನಗ ಆದ ಖುಷಿ! ಎಲ್ಲಾ ನನಗ ಮೊದಲೇ ಗೊತ್ತಿತ್ತಲ್ಲ ಅನ್ನೋ ಸೊಕ್ಕು ಅದು. ಜಂತಿಗಿ ಆದದ್ದು ಗಂಟಿಗಿ ಯಾಕ ಆಗಬಾರದು ಅಂತ ನೋಟುಬುಕ್ ಎದಿಗಿ ಒತ್ತಿ ಹಿಡಕೊಂಡಿದ್ದೆ.

ಮರುದಿನನೇ ಅಕ್ಕನ ಮನಿಗಿ ಹೋಗಿ ಸಕ್ರಿ ಡಬ್ಬಿ ತಗದು ಮ್ಯಾಲ ಇಟ್ಟೆ. ಅಕ್ಕಗ ಚಹಾ ಅಂದ್ರ ಪಾಕ, ಕಪ್ಪಿಗಿ ಮೂರು ಚಮಚ ಸಕ್ರಿ ಬೇಕು. "ಇವತ್ತಿಂದ ಬಂದ್" ಅಂದೆ. "ಬೆಲ್ಲ?" ಅಂದಳು. "ಬೆಲ್ಲಾನೂ ಬಂದ್." "ಬಾಳಿಹಣ್ಣು?" "ಅದೂ ಬಂದ್." ಆಕಿ ನನ್ನ ಮಾರಿ ನೋಡಿ, "ಯವ್ವಾ, ನೀ ಕ್ಯಾನ್ಸರಿಗಿ ಉಪಾಸ ಹಾಕ್ತೀಯೋ, ನನಗ ಹಾಕ್ತೀಯೋ?" ಅಂದಳು. ಅತ್ತಿನೂ ನಕ್ಕಳು, ನಾನೂ ನಕ್ಕೆ. ಆ ಮಾತು ಆಗೇ ನನ್ನ ತಲ್ಯಾಗ ಹೊಕ್ಕಿದ್ರ ಛಲೋ ಇತ್ತು.

ಅರಿಶಿಣದ ಹಾಲು ಸುರು ಆಯ್ತು. ಒಂದು ವಾರ ಬಿಟ್ಟು ಜಂತಿನ ಔಷಧದ ಮಾತು ತಗದೆ. ಆ ಬಾಟಲಿ ಅವರ ಮನ್ಯಾಗೇ ಇತ್ತು, ಕುರಿಗಂತ ನಾನೇ ಕೊಟ್ಟದ್ದು. ಅದನ್ನ ಅಳೀಲಾಕ ಒಂದು ಪ್ಲಾಸ್ಟಿಕ್ ಮುಚ್ಚಳ ಇತ್ತು. ಅತ್ತಿಗಿ ಅಂಕಿ ಓದ್ಲಾಕ ಬರಲ್ಲ ಅಂತ, ಹಿಂದ ನಾನೇ ಬ್ಲೇಡಿಲೆ ಅದರ ಮ್ಯಾಲ ಮೂರು ಗೆರಿ ಕೊರದು ಕೊಟ್ಟಿದ್ದೆ. ಕೆಳಗಿಂದು ಮರಿಗಿ, ನಡುವಿಂದು ಕುರಿಗಿ, ಎಲ್ಲಾಕಿಂತ ಮ್ಯಾಲಿಂದು ಆಡಿಗಿ. ಆಡಿಗಿ ಕುರಿಕಿಂತ ಹೆಚ್ಚ ಬೇಕಾಗ್ತದ. ಆಗ ಅತ್ತಿ, "ಎಷ್ಟ್ ಶಾಣ್ಯಾಕಿ ಇದ್ದಿ ನೀ!" ಅಂತ ನನ್ನ ಗದ್ದ ಹಿಡದಿದ್ದಳು.

ಫೋನಿನ್ಯಾಗ ಹೇಳಿದೆ. ಅಂಗಡಿ ಮುಂದ ಗಿರಾಕಿ ಗದ್ದಲ, ಬಸ್ಸಿನ ಹಾರ್ನ್. ಅಕ್ಕ ಕಿಮೋದ ದಣಿವಿಗಿ ಮಲಗಿದ್ದಳು, ಫೋನ್ ಹಿಡದಾಕಿ ಅತ್ತಿ. "ಎಷ್ಟು ಹಾಕ್ಲವ್ವಾ?" ಅಂತ ಕೇಳಿದಳು. ಎಷ್ಟು ದಿನಕ್ಕ ಅಂತ ಕೇಳ್ತಾಳ ಅಂದ್ಕೊಂಡು, "ದಿವಸಾಆಡ ಹಾಕ್ರಿ, ಸಾಕು" ಅಂದೆ. ಹೂಂ ಅಂದಳು. ನಾ ಫೋನ್ ಇಟ್ಟೆ.

ದಿವಸಾಆಡ ಅಂದ್ರ ಮರಾಠಿಯೊಳಗ ಒಂದು ದಿನ ಬಿಟ್ಟು ಒಂದು ದಿನ. ನಮ್ಮ ಕಡಿ ನಳ ಬರೋದು ದಿವಸಾಆಡ, ಗುಳಿಗಿ ಹೇಳೋದು ದಿವಸಾಆಡ. ದಿನಕ್ಕ ನೂರು ಸಲ ಬಾಯಿಗಿ ಬರೋ ಮಾತು, ಅದು ಮರಾಠಿ ಅಂತ ನನಗ ನೆಪ್ಪೂ ಇರಲ್ಲ.

ಮೂರನೇ ಕಿಮೋಕ್ಕ ಹೋದಾಗ ಡಾಕ್ಟರ್ ಬಾಯಿ ಬರಕೋತ ಕೇಳಿದಳು: "ಮತ್ತೇನರೆ ತಗೋತೀರೇನು? ನಾಟಿ ಔಷಧ, ಗಿಡಮೂಲಿಕಿ, ಯಾರರೆ ಹೇಳಿದ್ದು?" ಅಕ್ಕ ನನ್ನ ಕಡಿ ನೋಡಿದಳು. "ಏನೂ ಇಲ್ರೀ" ಅಂತ ನಾನೇ ಅಂದೆ. ಬೈತಾಳ ಅಂತ ಅಂಜಿಕಿ, ಅಷ್ಟೇ. ಮೆಡಿಕಲ್ ನಡಸಾಕಿ ಕುರಿ ಔಷಧ ಕುಡಸ್ಯಾಳ ಅಂತ ಹ್ಯಾಂಗ ಹೇಳಲಿ? ಗಂಟು ಪೂರಾ ಕರಗಿದ ಮ್ಯಾಲ ಹೇಳಿದ್ರಾಯ್ತು, ಆವಾಗ ಆಕೀನೇ ಬೆರಗಾಗ್ತಾಳ ಅಂತ ಮನಸಿನ್ಯಾಗ ಲೆಕ್ಕ ಹಾಕಿದ್ದೆ.

ಮುಂದ ಎರಡು ವಾರಕ್ಕ ಅಕ್ಕನ ಮನಿಗಿ ಹೋದೆ. ಆಕಿ ಕಣ್ಣು ಹಳದಿ ಕಂಡ್ವು. "ಏನಾಗ್ಯಾವ ಕಣ್ಣು?" ಅಂದೆ. ಅತ್ತಿ ಅಂದಳು, "ಆಯ್ತವಾರ ಭಂಡಾರ ಹಚ್ಚೀನಿ, ಕಣ್ಣಾಗ ಬಿದ್ದಿರಬೇಕು. ತೊಳದ್ರ ಹೋಗ್ತದ." ಹಣಿ ತುಂಬ ಭಂಡಾರ ಇತ್ತು, ಕೈ ತುಂಬ ಇತ್ತು. ಆ ಮನ್ಯಾಗ ಹಳದಿ ಇಲ್ಲದ್ದು ಯಾವುದಿತ್ತು? ನಾ ಸೆರಗು ತೋಯಿಸಿ ಅಕ್ಕನ ಕಣ್ಣು ಒರಸಿದೆ. ಹಳದಿ ಹೋಗಲಿಲ್ಲ. ಆದ್ರೂ ನಾ ನಂಬಿದೆ. ನಂಬಿ ಕಾಸಾರಶಿರಸಿಗಿ ತಿರುಗಿ ಬಂದೆ. ಐದು ದಿನ ಬಿಟ್ಟು, ಮೈಯೆಲ್ಲಾ ತುರಿಕಿ, ಅನ್ನ ಕಂಡ್ರ ವಾಂತಿ ಅಂತ ಫೋನ್ ಬಂತು.

ಲಾತೂರದಾಗ ರಕ್ತಾ ತಪಾಸಿದ್ರು. ಲಿವರ್ ಕೆಟ್ಟದ, ಇದರಾಗ ಕಿಮೋ ಕೊಡ್ಲಾಕ ಬರಲ್ಲ ಅಂದ್ರು. ನನಗ ಆ ಬಿಳಿ ಬಾಟಲಿ ನೆನಪಾತು. ದವಾಖಾನಿ ಪಡಸಾಲ್ಯಾಗ ಅಕ್ಕನ ಬೆಂಚಿನ ಮ್ಯಾಲ ಕುಂದ್ರಿಸಿ, ಅತ್ತಿಗಿ ಕೇಳಿದೆ: "ಆ ಔಷಧ ಹ್ಯಾಂಗ ಕೊಡ್ಲಾಕ ಹತ್ತೀರಿ?"

"ನೀ ಹೇಳಿದಂಗೇ ಅವ್ವಾ. ದಿವಸಾ, ಆಡಿಂದು."

"ಏನಂದ್ರಿ?"

"ದಿವಸಾ ಕೊಡು, ಆಡಿನ ಗೆರಿಗಿ ಹಾಕು ಅಂದಿದ್ಯಲ್ಲ. ಒಂದು ದಿನಾನೂ ತಪ್ಪಿಸಿಲ್ಲ ನೋಡು. ಬ್ಯಾಡ ಅಂತಿದ್ದಳು, ಮೂಗು ಹಿಡದು ಕುಡಸೀನಿ."

ಬೆಂಚಿನ ಮ್ಯಾಲಿಂದ ಅಕ್ಕ ಎಲ್ಲಾ ಕೇಳಿಸಿಕೊಂಡಿದ್ದಳು. ಅತ್ತಿ ನನ್ನ ಮಾರಿ ನೋಡಿ, "ಯಾಕವ್ವಾ, ಏನರೆ ತಪ್ಪಾತೇನು?" ಅಂದಳು. ಕೆಳಗಿನ ಗೆರಿ, ಮರಿದು ಅಂತ ನನ್ನ ತಲ್ಯಾಗ ಇತ್ತು, ಫೋನಿನ್ಯಾಗ ಬಾಯಿಬಿಟ್ಟು ಹೇಳಿರಲೇ ಇಲ್ಲ. ಅಕ್ಕನೇ, "ಅತ್ತೀ, ನೀರಡಿಕಿ ಆಗ್ಯದ, ಒಂದು ಬಾಟಲಿ ನೀರು ತರ್ರಿ" ಅಂತ ಆಕೀನ ಹೊರಗ ಕಳಸಿದಳು. ಆಮ್ಯಾಲ ನನಗ, "ಹೋಗು, ಒಳಗ ಹೋಗಿ ಡಾಕ್ಟರ್ ಬಾಯಿಗಿ ಎಲ್ಲಾ ಹೇಳು. ಅತ್ತಿಗಿ ಏನೂ ಹೇಳಬ್ಯಾಡ. ಆಕಿಗಿ ನಾ ಹೇಳ್ತೀನಿ" ಅಂದಳು.

ಒಳಗ ಹೋಗಿ ಅಳಕೋತ ಎಲ್ಲಾ ಒದರಿದೆ. ಡಾಕ್ಟರ್ ಬಾಯಿ ಬೈಲಿಲ್ಲ. ಬೈದಿದ್ರ ತಡಕೋತಿದ್ದೆ. ಪೆನ್ನು ಕೆಳಗಿಟ್ಟು ಸಾವಕಾಶ ಹೇಳಿದಳು: "ನೀವು ಕೇಳಿದ್ದು ಪೂರಾ ಸುಳ್ಳಲ್ಲ. ಈ ಔಷಧದ ಮ್ಯಾಲ ಕೆಲಸ ನಡದಾವ. ಗಾಜಿನ ತಾಟಿನ್ಯಾಗ ಇಟ್ಟ ಕೋಶದ ಮ್ಯಾಲ ಹಾಕಿದ್ರ ಸಾಯ್ತಾವ. ಆದ್ರ ತಾಟಿಗಿ ಲಿವರ್ ಇರಲ್ಲ. ಮನಶ್ಯಾರ ಮೈಯಾಗ ಏನಾಗ್ತದ ಅನ್ನೋದು ನಮಗೇ ಇನ್ನಾ ಪೂರಾ ತಿಳದಿಲ್ಲ. ಸಕ್ರಿ ಬಂದ್ ಮಾಡಿದ್ರೂ ಮೈ ಎಲ್ಲಿಂದರೆ ಸಕ್ರಿ ಮಾಡಿಕೋತದ, ಗಂಟಿಗಿ ಅದು ಸಿಕ್ಕೇ ಸಿಗ್ತದ. ಸೊರಗೋದು ಪೇಶಂಟ್." ಪೆನ್ನು ಮತ್ತ ಕೈಗಿ ತಗೊಂಡು ಅಂದಳು, "ನಾ ಕೇಳಿದಾಗ ಹೇಳಿದ್ರ ಅವತ್ತೇ ನಿಲ್ಲಸ್ತಿದ್ದೆ."

ಆ ಒಂದು ಮಾತು ನನ್ನ ಕಿವ್ಯಾಗ ಕುಂತದ. ಏಳಲ್ಲ.

ಲಿವರ್ ಸುಧಾರಿಸ್ಲಾಕ ಎರಡು ತಿಂಗಳು ಹಿಡೀತು. ಆ ಎರಡು ತಿಂಗಳು ಕಿಮೋ ಇಲ್ಲ. ಗಂಟು ಮತ್ತ ಬೆಳೀತು, ಬಗಲಿಗಿ ಬಂತು, ಆಮ್ಯಾಲ ಪುಪ್ಪಸಕ್ಕ ಹೋತು. ನಾ ಡಾಕ್ಟರ್ ಬಾಯಿಗಿ ಒಮ್ಮಿ ಕೇಳಿದೆ, ನನ್ನಿಂದೇ ಹಿಂಗಾತೇನ್ರಿ ಅಂತ. "ಅದು ಯಾರಿಗೂ ಹೇಳ್ಲಾಕ ಬರಲ್ಲ, ಈ ಬ್ಯಾನಿನೇ ಹಂಗ" ಅಂದಳು. ನನ್ನ ಸಮಾಧಾನಕ್ಕ ಅಂದಳೋ, ಖರೇನೇ ಅಂದಳೋ, ನನಗ ಗೊತ್ತಾಗಲಿಲ್ಲ. ಇನ್ನ ಆಪರೇಷನ್ ಮಾಡಿ ಉಪಯೋಗಿಲ್ಲ, ಮನಿಗಿ ಕರಕೊಂಡು ಹೋಗ್ರಿ ಅಂದ್ರು.

ಕಡೀಗಿ ಒಂದು ಮುಂಜಾನಿ ಅಕ್ಕ ಚಹಾ ಕೇಳಿದಳು. ಮ್ಯಾಲಿಟ್ಟ ಸಕ್ರಿ ಡಬ್ಬಿ ಇಳಿಸಿ ಮೂರು ಚಮಚ ಹಾಕಿದೆ, ಮತ್ತೊಂದು ಹಾಕಿದೆ. ಚಮಚದಿಂದ ತುಟಿಗಿ ಹಚ್ಚಿದೆ. ಒಂದು ಗುಟುಕು ನುಂಗಿ, "ಸಕ್ರಿ ಕಮ್ಮಿ ಆಗ್ಯದ" ಅಂದಳು. ನಾಲಿಗಿಗಿ ರುಚಿನೇ ಉಳದಿರಲಿಲ್ಲ ಆಕಿಗಿ. ಮತ್ತ ಹಾಕಿದೆ. "ಇನ್ನಾ ಕಮ್ಮಿ" ಅಂದಳು. ನಾ ಡಬ್ಬಿ ಹಿಡಕೊಂಡು ಅತ್ತೆ. ಆಕಿ ನನ್ನ ಕೈ ಹಿಡದು, "ಹುಚ್ಚಿ, ನನ್ನ ಬದಕ್ಸಬೇಕಂತೇ ಮಾಡ್ದಿ" ಅಂದಳು. ಮೂರು ದಿನಕ್ಕ ಹೋದಳು.

ತಿಂಗಳಾದ ಮ್ಯಾಲ ನಾ ಅತ್ತಿ ಹತ್ರ ಹೋದೆ. ಆ ದಿವಸಾಆಡದ ಮಾತು ಬಿಡಿಸಿ ಹೇಳಬೇಕು, ನಿಮ್ದೇನೂ ತಪ್ಪಿಲ್ಲ ಅತ್ತೀ, ನಿಮಗ ತಿಳಿಯೋ ಭಾಷಾದಾಗ ಹೇಳಲಾರದ್ದು ನನ್ನ ತಪ್ಪು ಅನ್ನಬೇಕು ಅಂತ ದಾರಿಯುದ್ದಕ್ಕೂ ಬಸ್ಸಿನ್ಯಾಗ ಮಾತು ಜೋಡಸ್ಕೊಂಡು ಹೋಗಿದ್ದೆ. ಕುಂತೆ. ನಾ ಬಾಯಿ ತಗಿಯೋ ಮೊದಲೇ ಅತ್ತಿ ಅಂದಳು:

"ನೀ ಮನಸಿಗಿ ಹಚ್ಚಿಕೋಬ್ಯಾಡವ್ವಾ. ಆಕಿ ನನಗ ಎಲ್ಲಾ ಹೇಳ್ಯಾಳ. ನೀ ಹೇಳಿದ್ದು ಬರೋಬರಿ ಇತ್ತಂತ, ನಾ ಕೊಟ್ಟದ್ದೂ ಬರೋಬರಿ ಇತ್ತಂತ. ಸಂಜಿಕಡಿ ನಾ ಕುರಿ ಕಟ್ಲಾಕ ಹಿತ್ತಲಕ್ಕ ಹೋದಾಗ ಆಕೀನೇ ಕದ್ದು ಮತ್ತೊಂದು ಮುಚ್ಚಳ ಕುಡೀತಿದ್ದಳಂತ. ಲಗೂನ ಆರಾಮಾಗ್ಲಿ ಅಂತ. ಬದಕೋ ಆಸಿ, ಯಾರಿಗಿ ಇರಲ್ಲ ಹೇಳು?"

ಮೂಗು ಹಿಡದು ಕುಡಿಸಿದ್ರೂ ಬ್ಯಾಡ ಅಂತಿದ್ದ ಔಷಧ, ಆಕಿ ಕದ್ದು ಕುಡದಳಂತ. ಅತ್ತಿ ಅದನ್ನ ನಂಬ್ಯಾಳ.

ನಾ ಹೇಳಬೇಕಂತ ಬಾಯಿ ತಗದೆ. ಅತ್ತಿ ಚಹಾದ ಕಪ್ಪು ಕೈಯಾಗ ಇಟ್ಟಳು. ಒಂದು ಗುಟುಕು ಕುಡದೆ, ಪಾಕ ಆಗಿತ್ತು. "ಆಕಿ ಹೋದಾಗಿಂದ ಯಾರು ಬಂದ್ರೂ ಮೂರು ಚಮಚನೇ ಹಾಕ್ತೀನಿ" ಅಂದಳು. ನಾ ಪೂರಾ ಕುಡದು, ಕಪ್ಪು ತೊಳದಿಟ್ಟು, ಐದರ ಬಸ್ಸಿಗಿ ತಿರುಗಿ ಬಂದೆ. ಏನೂ ಹೇಳಲಿಲ್ಲ. ಈಗ ಇಲ್ಲಿ ಬರದೀನಿ. ಅತ್ತಿಗಿ ಓದ್ಲಾಕ ಬರಲ್ಲ.