ನಲವತ್ತೊಂದು ತಪ್ಪುಗಳ ರೆಕಾರ್ಡ್

ರೆಕಾರ್ಡ್ ಅಚ್ಚು ಹಾಕುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಅವಳದು ಒಂದೇ ಕೆಲಸ: ಪ್ರತಿ ಹೊಸ ರೆಕಾರ್ಡಿನ ಮೊದಲ ಪ್ರತಿಯನ್ನು ಕೇಳಿ, ಎಲ್ಲಿ ಕರಕರ, ಎಲ್ಲಿ ಗುಂಯ್ ಎಂದು ಚೀಟಿಯಲ್ಲಿ ಬರೆಯುವುದು. ಕಂಬಳಿ ಬಡಿದ ಗೋಡೆಯ ಪುಟ್ಟ ಕೋಣೆ, ಒಂದು ಕುರ್ಚಿ, ಮೊಂಡು ಪೆನ್ಸಿಲ್. ಅವಳ ಸಹಿ ಬಿದ್ದ ಮೇಲೆಯೇ ಉಳಿದ ಪ್ರತಿಗಳು.

ಆ ವರ್ಷ ಅವಳ ಗ್ರಹಚಾರ ನೆಟ್ಟಗಿರಲಿಲ್ಲ. ಮಕ್ಕಳ ಹಾಡಿನ ಒಂದು ರೆಕಾರ್ಡಿನಲ್ಲಿ ಸೀಳು ಸದ್ದೊಂದನ್ನು ಹಿಡಿಯದೆ ಬಿಟ್ಟಿದ್ದಳು. "ವಯಸ್ಸಾಯ್ತು. ಇನ್ನೊಂದು ಸಲ ಎಡವಿದರೆ ಡಬ್ಬ ಕಟ್ಟೋ ಕಡೆ ಹಾಕು" ಎಂದು ಮ್ಯಾನೇಜರು ಮೇಸ್ತ್ರಿಗೆ ಹೇಳಿದ್ದರು. ಕಣ್ಣಿಗೆ ರೆಪ್ಪೆ ಕೊಟ್ಟ ದೇವರು ಕಿವಿಗೆ ಕೊಡಲಿಲ್ಲ. ಮ್ಯಾನೇಜರ ಆ ಮಾತೂ ಅವಳಿಗೆ ಕೇಳಿಸಿತು.

ಅಂಥ ಹೊತ್ತಿನಲ್ಲೇ ಬಂತು ಆ ರಾಕ್ ಆಲ್ಬಂ. ಕಪ್ಪು ಹೊದಿಕೆ, ಅದರ ಮೇಲೆ ಕಪ್ಪು ಅಕ್ಷರ. ಐವರು ಅತಿಥಿ ಗಾಯಕರು. ಮೊದಲನೆಯವರು ಹಾಡಲಿಲ್ಲ, ಏದುಸಿರು ಬಿಟ್ಟರು. ಎರಡನೆಯವರು ಬಾವಿಯೊಳಗಿಂದ ಯಾರನ್ನೋ ಶಪಿಸಿದರು. ಮೂರನೆಯವರ ಕೂಗಿಗೆ ಡ್ರಮ್ಮೇ ಬೆಚ್ಚಿ ನಿಂತಿತು. ಕಿವಿಯಕ್ಕ ಬೆವರೊರೆಸಿಕೊಳ್ಳುತ್ತ ಮೂರು ಚೀಟಿ ತುಂಬಿಸಿದಳು: ನಲವತ್ತೊಂದು ತಪ್ಪು.

ಮೇಸ್ತ್ರಿ ತಂಡದ ಗಿಟಾರಿನವನನ್ನು ಕರೆಸಿದ. ಅವನು ಚೀಟಿ ಓದುತ್ತ ಓದುತ್ತ ಅರಳಿದ.

"ಆಹಾ! ಒಂದನ್ನೂ ಬಿಟ್ಟಿಲ್ಲ ನೋಡಿ. ಈ ಕರಕರಕ್ಕೇ ಎರಡು ತಿಂಗಳು ಒದ್ದಾಡಿದ್ದೀವಿ."

"ಅಂದ್ರೆ ಇದೆಲ್ಲ ನೀವೇ ಬೇಕಂತ ಮಾಡಿದ್ದಾ?"

"ಮತ್ತೆ? ಪ್ರಯೋಗ ಸಾರ್!"

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಗೊಣಗಿ ಮೇಸ್ತ್ರಿ ಅವಳತ್ತ ತಿರುಗಿದ. "ಅಕ್ಕಾ, ನಲವತ್ತೊಂದರಲ್ಲಿ ಒಂದೂ ತಪ್ಪಲ್ವಂತೆ. ಮ್ಯಾನೇಜರಿಗೆ ಏನಂತ ಹೇಳಲಿ?"

"ಈಗಲೇ ಏನೂ ಹೇಳ್ಬೇಡ. ಇನ್ನೊಂದು ಸಲ ಕೇಳ್ತೀನಿ. ನೀನೂ ಕೂತ್ಕೋ ಮಗಾ" ಎಂದು ಅವಳು ಗಿಟಾರಿನವನಿಗೆ ಸ್ಟೂಲು ಎಳೆದು ಕೊಟ್ಟಳು.

ಈ ಸಲ ಪೆನ್ಸಿಲ್ ಹಿಡಿಯಲಿಲ್ಲ. ಪ್ರಾರ್ಥನೆಗೆ ಕೂತವಳಂತೆ ಕಣ್ಣು ಮುಚ್ಚಿ ಏದುಸಿರಿಗೂ ಶಾಪಕ್ಕೂ ಕಿವಿಗೊಟ್ಟಳು. ಸಂಕಟದಲ್ಲಿರುವವರನ್ನು ನಡುವೆ ತಡೆಯಬಾರದಲ್ಲ. ನಾಲ್ಕನೆಯ ಅತಿಥಿ, ಒಬ್ಬ ಮುದುಕಿ, ಪಿಸುಗುಡುವಾಗ ಅವಳ ಕೈ ಮೇಲೆದ್ದಿತು.

"ಇಲ್ಲಿ. ಟಕ್ ಅಂತು."

"ಅದೂ ನಮ್ದೇ ಅಮ್ಮಾ."

"ಅಲ್ಲ. ನಿಮ್ಮ ಸದ್ದುಗಳೆಲ್ಲ ಅಳೋಕೆ ಅಂತಲೇ ಬಂದಿವೆ. ಇದು ದಾರಿ ತಪ್ಪಿ ಬಂದಿದೆ."

ಅವನು ನಕ್ಕು ಮೊಬೈಲಿನಲ್ಲಿದ್ದ ಮೂಲ ಪ್ರತಿ ಹಚ್ಚಿದ. ಟಕ್ ಇರಲಿಲ್ಲ. ಮೇಸ್ತ್ರಿ ಅಚ್ಚಿನ ತಗಡನ್ನು ಬೆಳಕಿಗೆ ಹಿಡಿದ, ಕೂದಲೆಳೆಯಷ್ಟು ಗೀರು.

ಗಿಟಾರಿನವನು ಅದೊಂದು ತುಣುಕನ್ನು ಮತ್ತೆ ಕೇಳಿದ, ಮತ್ತೂ ಕೇಳಿದ. "ಎಷ್ಟು ಚೆನ್ನಾಗಿದೆ! ಇದನ್ನ ಹಾಗೇ ಬಿಡಿ."

ಕಿವಿಯಕ್ಕ ಹೊಸ ಚೀಟಿಯಲ್ಲಿ ಬರೆದಳು: 'ತಪ್ಪು ಒಂದು. ತಂಡಕ್ಕೆ ಇಷ್ಟವಾಗಿದೆ.' ಕೆಳಗೆ ಸಹಿ.

ಚೀಟಿಯ ತಲೆಬುಡ ತಿಳಿಯದೆ ಮ್ಯಾನೇಜರು ತಾವೇ ರೆಕಾರ್ಡ್ ಕೇಳಲು ಕೂತರು. ಎರಡನೆಯ ಅತಿಥಿಯನ್ನು ದಾಟಲಾಗಲಿಲ್ಲ. ಹೊರಗೆ ಬಂದು ನೀರು ಕುಡಿದು ಮೇಸ್ತ್ರಿಗೆ ಹೇಳಿದರು: "ಆಯಮ್ಮ ಅಲ್ಲೇ ಇರ್ಲಿ ಮಾರಾಯ. ಇಂಥದ್ದನ್ನ ಎರಡೆರಡು ಸಲ ಕೇಳೋರು ಬೇರೆ ಯಾರು ಸಿಗ್ತಾರೆ?"

ಹೀಗೆ, ಅವಳ ಕಿವಿ ನೆಟ್ಟಗಿದೆ ಎಂದು ಒಬ್ಬರೂ ಬಾಯಿಬಿಟ್ಟು ಹೇಳದೆಯೇ ಕೆಲಸ ಉಳಿಯಿತು. ಊಟದ ಬಿಡುವಿನಲ್ಲಿ ಅವಳು ಮತ್ತೆ ಅದೇ ರೆಕಾರ್ಡ್ ಹಚ್ಚಿದಳು. ಪೆನ್ಸಿಲ್ ಇಲ್ಲದೆ ಕೇಳಿದ ಸಲ, ಟಕ್ಕಿನ ಗದ್ದಲದಲ್ಲಿ ಐದನೆಯ ಅತಿಥಿಯ ಅಳಲು ಕೇಳದೆ ಉಳಿದುಹೋಗಿತ್ತು.