ಚೇಂಬರಿಗೆ ಕಟ್ಟಿದ ತಪ್ಪುಕಾಣಿಕೆ

ಕರ್ಪೂರದ ವಾಸನೆ ಬಂದರೆ ಬೇರೆಯವರಿಗೆ ದೇವರು ನೆನಪಾಗುತ್ತಾನೆ. ನನಗೆ ಸಿಟ್ಟು ಬರುತ್ತದೆ. ಮೊನ್ನೆ ಪಕ್ಕದ ಮನೆಯವರು ಹೊಸ ಸ್ಕೂಟರಿಗೆ ಪೂಜೆ ಮಾಡಿ ಆರತಿ ತಟ್ಟೆಯನ್ನು ನನ್ನ ಮುಂದೆ ಹಿಡಿದರು. ಕಣ್ಣಿಗೊತ್ತಿಕೊಂಡೆ, "ಒಳ್ಳೇದಾಗ್ಲಿ" ಅಂದೆ, ಬ್ರೇಕ್ ಸರಿಯಾಗಿದೆಯೇ ಎಂದು ಎರಡೆರಡು ಸಲ ಕೇಳಿ ಅವರ ಮುಖ ಸಪ್ಪಗೆ ಮಾಡಿ, ಒಳಗೆ ಬಂದು ಕುಳಿತೆ. ಪೇಪರನ್ನು ಪಟಪಟ ಮಗುಚತೊಡಗಿದೆ. "ಬಿಪಿ ಮಾತ್ರೆ ತಗಂಡ್ರಾ?" ಎಂದಳು ಹೆಂಡತಿ. ತೆಗೆದುಕೊಂಡಿದ್ದೆ. ಅದು ಬಿಪಿಯ ಸಿಟ್ಟಲ್ಲ. ನಮ್ಮ ಹಳೆಯ ಕಾರ್ಖಾನೆಯ ಟೆಸ್ಟಿಂಗ್ ಮೇಡಂ ನೆನಪಾಗಿದ್ದರು...

ಎರಡು ಸಾವಿರದ ಇಸವಿ ದಾಟಿದ ಮೇಲಿನ ವರ್ಷಗಳು. ರಾಮನಗರದ ಸುತ್ತ ಹಿಪ್ಪುನೇರಳೆ ಕಿತ್ತ ಜಾಗಗಳಲ್ಲಿ ಶೀಟ್ ಹೊದ್ದ ಶೆಡ್ಡುಗಳು ಏಳುತ್ತಿದ್ದವು. ಅಂಥದೊಂದು ಶೆಡ್ಡಿನಲ್ಲಿ ನಮ್ಮ ಕೆಲಸ. ಉಗುರಿನಗಲದ ಗಾಜಿನ ಬಿಲ್ಲೆಗಳಿಗೆ ಅಲ್ಯೂಮಿನಿಯಂ ಲೇಪಿಸುವುದು. ತೊಳೆದು ಒಣಗಿಸಿದ ಬಿಲ್ಲೆಗಳನ್ನು ಉಕ್ಕಿನ ಡ್ರಮ್ಮಿನಂಥ ಚೇಂಬರಿನಲ್ಲಿ ಜೋಡಿಸಿ, ಬಾಗಿಲು ಬಿಗಿದು, ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಹೀರಿಸಬೇಕು. ಆಮೇಲೆ ಕಾದ ತಂತಿಯ ಮೇಲೆ ಲೋಹ ಕರಗಿ, ಆವಿಯಾಗಿ, ಗಾಜಿನ ಮೇಲೆ ಹೋಗಿ ಕೂರುತ್ತದೆ. ಎಷ್ಟು ತೆಳುವೆಂದರೆ, ಬೆರಳು ತಾಗಿಸಿದರೆ ಬೆರಳಿನ ಜಿಡ್ಡೇ ಅದಕ್ಕಿಂತ ದಪ್ಪ. ಈ ಬಿಲ್ಲೆಗಳು ಹಾಲು ಪರೀಕ್ಷೆ ಮಾಡುವ ಯಂತ್ರಗಳ ಸೆನ್ಸರಿನೊಳಗೆ ಹೋಗುತ್ತಿದ್ದವು. ಬೆಳಕು ಅದಕ್ಕೆ ಬಡಿದು ಹಿಂದಿರುಗಿ, ಹಾಲು ಗಟ್ಟಿಯೋ ನೀರೋ ಹೇಳಬೇಕು. ನಾನು ಪಂಪು ನೋಡಿಕೊಳ್ಳುವವನು. ಗಾಳಿ ಖಾಲಿಯಾಗುತ್ತ ಗೇಜಿನ ಮುಳ್ಳು ಇಳಿಯುತ್ತದೋ ಇಲ್ಲವೋ ಎಂದು ದಿನವಿಡೀ ಅದನ್ನೇ ದಿಟ್ಟಿಸುವ ಕೆಲಸ. ನನ್ನಂಥ ಹೆದರುಪುಕ್ಕನಿಗೆ ಹೇಳಿ ಮಾಡಿಸಿದ್ದು.

ಮೇಡಂ ಸಾತನೂರು ಕಡೆಯವರು. ಫಿಸಿಕ್ಸ್ ಓದಿದವರು, ಬಾಯಿ ಬಲು ಜೋರು. ಹಣೆ ತುಂಬ ವಿಭೂತಿ ಧರಿಸಿ ಬಸ್ಸಿಳಿದು ಬರುವರು. ಚೇಂಬರ್ ಕೋಣೆಯ ಹೊಸ್ತಿಲಲ್ಲಿ ನಿಂತು ಒದ್ದೆ ಕರ್ಚೀಫಿನಿಂದ ಅದನ್ನು ಒರೆಸಿಕೊಳ್ಳುವರು. ಬೂದಿಯ ಒಂದು ಕಣವೂ ಗಾಜಿನ ಮೇಲೆ ಬೀಳಬಾರದು. ಸಂಜೆ ಹೊರಡುವಾಗ ಬ್ಯಾಗಿನ ಡಬ್ಬಿ ತೆಗೆದು ಮತ್ತೆ ಹಚ್ಚಿಕೊಳ್ಳುವರು. ಇದನ್ನು ನೀವು ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಯಾಕೆಂದರೆ ಮುಂದೆ ಅವರನ್ನು ದೇವರು ದಿಂಡರು ಇಲ್ಲದ ಹೆಂಗಸು ಎಂದರು.

ಅವರ ಪರೀಕ್ಷೆ ನೋಡುವುದಕ್ಕೆ ಸರಳ. ಲೇಪಿಸಿದ ಬಿಲ್ಲೆಗೆ ಟೇಪ್ ಅಂಟಿಸಿ, ಚೆನ್ನಾಗಿ ತೀಡಿ, ಛಟ್ಟನೆ ಕೀಳುವುದು. ಲೋಹ ಗಾಜಿನಲ್ಲೇ ಉಳಿದರೆ ಪಾಸು. ಟೇಪಿನ ಜೊತೆ ಎದ್ದು ಬಂದರೆ ಇಡೀ ಲಾಟು ತಿಪ್ಪೆಗೆ. ಮಾಲೀಕರಿಗೆ ಆ 'ಛಟ್' ಸದ್ದು ಕೇಳಿದರೇ ನೋಟು ಹರಿದಂತೆ.

"ಒಸಿ ಮೆತ್ತಗೆ ಎಳೀರಿ ಮೇಡಂ," ಎನ್ನುತ್ತಿದ್ದರು.

"ಮೆತ್ತಗೆ ಎಳೆಯಕ್ಕೆ ಇದೇನು ಮಗೀನ ಕಾಲಿಗೆ ಚುಚ್ಚಿರೋ ಮುಳ್ಳಾ ಸಾರ್? ಇದು ನಮ್ಮೂರ ಡೈರೀಲಿ ಕೂರೋ ಗಾಜು. ಇದರ ಲೇಪ ಉದುರುದ್ರೆ ನಮ್ಮವ್ವ ಕರ್ದು ತಂದ ಹಾಲ ಮಿಷನ್ನು ನೀರು ಅಂತದೆ. ಆಗ ನಮ್ಮವ್ವನ ಹತ್ರ ನೀವೇ ಬಂದು ಮಾತಾಡ್ತೀರಾ?"

ಆ ವರ್ಷದ ಆಯುಧಪೂಜೆ. ಪಂಪಿಗೆ ಹೂವು, ಕಂಬಕ್ಕೆ ಬಾಳೆಕಂದು, ಎಲ್ಲ ಚೆನ್ನಾಗಿಯೇ ನಡೆಯಿತು. ಮೇಡಂ ಕೈಮುಗಿದು ನಿಂತಿದ್ದರು. ಕೊನೆಗೆ ಮಾಲೀಕರಿಗೆ ಭಕ್ತಿ ಉಕ್ಕಿ, "ಹೊರಗಡೆ ಮಾಡುದ್ರೆ ಏನ್ ಬಂತು? ಮಿಷನ್ ಜೀವ ಒಳಗೈತೆ," ಎಂದು ಚೇಂಬರಿನ ಬಾಗಿಲು ತೆಗೆಸಿದರು. ದೊಡ್ಡ ಕರ್ಪೂರದ ಗಟ್ಟಿ ಹಚ್ಚಿ ತಟ್ಟೆಯನ್ನು ಒಳಗೇ ಇಟ್ಟುಬಿಟ್ಟರು. ಕಪ್ಪು ಹೊಗೆ ಒಳಗೋಡೆಗೆಲ್ಲ ಸುತ್ತಿಕೊಂಡಿತು.

"ಅಯ್ಯೋ, ಆಚೆ ತಗೀರಿ ಸಾರ್ ಅದ!" ಎಂದು ಮೇಡಂ ಕಿರುಚಿದರು.

ಗಂಟೆ ನಿಂತಿತು. ಆರತಿಯನ್ನು ಆಚೆ ತೆಗೆ ಎಂದ ಹೆಂಗಸು! ದೇವರು ದಿಂಡರು ಇಲ್ಲದವಳು ಎಂದು ಹಿಂದಿನಿಂದ ಯಾರೋ ಗೊಣಗಿದರು. ಆರತಿ ಉರಿದು ತಾನೇ ಆರುವವರೆಗೆ ಒಳಗೇ ಇತ್ತು.

ಹಬ್ಬ ಮುಗಿದು ಕೆಲಸ ಶುರುವಾದಾಗ ಗೇಜಿನ ಮುಳ್ಳು ಇಳಿಯಲೇ ಇಲ್ಲ. ಪಂಪು ಬುಸುಗುಡುತ್ತಿತ್ತು, ಗೋಡೆಗೆ ಮೆತ್ತಿದ್ದ ಕರ್ಪೂರ ಒಳಗೊಳಗೇ ಆವಿಯಾಗುತ್ತಿತ್ತು. ಲೇಪ ಮಂಕಾಗಿ ಬಂತು. ಟೇಪ್ ಕಿತ್ತರೆ ಟೇಪೇ ಕನ್ನಡಿ, ಗಾಜು ಬೆತ್ತಲೆ. ಲಾಟಿನ ಮೇಲೆ ಲಾಟು ತಿಪ್ಪೆ ಸೇರಿತು. ನಾನು ಮಾಲೀಕರ ಮುಂದೆ ಹೋಗಿ, "ಸಾರ್, ಆ ಕರ್ಪೂರ..." ಎಂದು ಬಾಯಿ ತೆರೆದೆ.

"ನಿಂಗೆ ಎಲ್ಲದ್ಕೂ ಭಯ ಕಣಯ್ಯ. ಹೋದ ತಿಂಗಳು ಶೀಟ್ ಹಾರೋಯ್ತದೆ ಅಂದೆ, ಅದರ ಹಿಂದಿನ ತಿಂಗಳು ಪಂಪಿನೊಳಕ್ಕೆ ಹಾವು ನುಗ್ತದೆ ಅಂದೆ!"

ಅಂದಿದ್ದೆ, ನಿಜ. ಎಲ್ಲಕ್ಕೂ ಹೆದರುವವನ ಮಾತಿಗೆ ಬೆಲೆ ಇರುವುದಿಲ್ಲ, ಅವನು ಒಂದು ಸಲ ಸರಿಯಾಗಿ ಹೆದರಿದಾಗಲೂ.

ಮಾಲೀಕರು ಬೇರೆ ಕಾರಣ ಕಂಡುಕೊಂಡಿದ್ದರು. ಮೇಡಂ ಆಡಿದ ಮಾತಿಗೆ ಮಿಷನ್ ಮುನಿಸಿಕೊಂಡಿದೆ. ಅದಕ್ಕೆ ಅವರು ತಪ್ಪುಕಾಣಿಕೆ ಕಟ್ಟಬೇಕು: ತಪ್ಪಾಯಿತು ಎಂದು ಹೇಳಿಕೊಂಡು ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯ ಗಂಟು ಹಾಕಿ ಚೇಂಬರಿನ ಹಿಡಿಗೆ ಕಟ್ಟಬೇಕು. ಇಲ್ಲವಾದರೆ ಕೆಲಸ ಬಿಡಬೇಕು.

"ಎಂಥ ಕಾಣಿಕೆ ಸಾರ್? ದೇವರ ಮುಂದೆ ತಪ್ಪು ಮಾಡಿದ್ರೆ ದೇವಸ್ಥಾನಕ್ಕೋಗಿ ಕಟ್ತೀನಿ. ಇದಕ್ಕೆ ಬೇಕಾಗಿರೋದು ಮಸಿ ತೊಳೆಯೋ ಅಸಿಟೋನು, ಹಳೇ ಬಟ್ಟೆ," ಎಂದರು ಮೇಡಂ.

ಭಾನುವಾರ ರಜೆ. ಆವತ್ತು ಅವರು ಬಂದರು, ನನ್ನನ್ನೂ ಕರೆಸಿದರು. ಒಳಗಿನ ತಗಡುಗಳನ್ನೆಲ್ಲ ಬಿಚ್ಚಿಸಿ, ಚೇಂಬರಿನೊಳಗೆ ಅರ್ಧ ಮೈ ತೂರಿಸಿ ಮಸಿ ಒರೆಸತೊಡಗಿದರು. ನಾನು ಬಟ್ಟೆ ಒದ್ದೆ ಮಾಡಿ ಕೊಡುತ್ತ, ಅಸಿಟೋನಿನ ಘಾಟಿಗೆ ಇವರು ಒಳಗೇ ಬಿದ್ದರೆ ಯಾವ ಆಸ್ಪತ್ರೆ ಹತ್ತಿರ ಎಂದು ಲೆಕ್ಕ ಹಾಕುತ್ತಿದ್ದೆ. "ಇದ್ದೀರೇನ್ರೀ ಮೇಡಂ?" ಎಂದು ಆಗಾಗ ಕೂಗುತ್ತಿದ್ದೆ.

"ಇದ್ದೀನಿ ಕಣ್ರೀ, ಸತ್ರೆ ನಾನೇ ಹೇಳ್ತೀನಿ, ಸುಮ್ಕಿರಿ," ಎಂದು ಒಳಗಿಂದ ಡ್ರಮ್ಮು ಮಾತಾಡಿದಂತೆ ಕೇಳುತ್ತಿತ್ತು. ಹೊರಗೆ ಬಂದಾಗ ಮೊಣಕೈವರೆಗೂ ಕಪ್ಪು. ನಗುತ್ತಿದ್ದರು. ಅವರು ಅಷ್ಟು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ...

ಸೋಮವಾರ ಮುಳ್ಳು ಸರಸರ ಇಳಿಯಿತು. ಟೇಪ್ ಛಟ್ಟೆಂದಿತು, ಗಾಜು ಹೊಳೆಯುತ್ತ ಉಳಿಯಿತು. ನಾನು ಮಾಲೀಕರನ್ನು ಕರೆಯಲು ಓಡಿದೆ. ಅವರು ಬಂದು ಬಿಲ್ಲೆಯ ಕಡೆ ನೋಡಲೂ ಇಲ್ಲ, ಚೇಂಬರಿನ ಹಿಡಿಯ ಕಡೆ ಕೈ ತೋರಿದರು. ಹಿಡಿಯ ಹಿಂಬದಿಯಲ್ಲಿ ಅರಿಶಿನದ ಗಂಟು.

"ನೋಡಿದ್ರಾ ಮೇಡಂ? ಮೊದ್ಲೇ ಕಟ್ಟಿದ್ರೆ ಇಷ್ಟೆಲ್ಲ ಆಯ್ತಿತ್ತಾ?"

"ಯಾರು ಕಟ್ಟಿದ್ದು?"

ಪ್ಯಾಕಿಂಗ್ ಮಾಡುವವನು ತಲೆ ತಗ್ಗಿಸಿ ಮುಂದೆ ಬಂದ. ನಮ್ಮ ಜೊತೆಗಾರ, ಮಾಗಡಿಯವನು, ಒಳ್ಳೆಯ ಮನುಷ್ಯ. "ನಿಮ್ಮ ಹೆಸ್ರೇಳಿ ಬೆಳಿಗ್ಗೆ ನಾನೇ ಕಟ್ಬುಟ್ಟೆ ಮೇಡಂ. ನಿಮ್ಮ ಕೆಲ್ಸ ಉಳೀಲಿ ಅಂತ."

"ಸಾರ್, ನಿನ್ನೆ ನಾವು ಒಳಗೆಲ್ಲ ಒರೆಸಿದ್ವಿ," ಎಂದೆ ನಾನು. ಗಟ್ಟಿಯಾಗಿಯೇ ಅಂದೆ.

"ಒರ್ಸೋದು ಯಾರು ಬೇಕಾದ್ರೂ ಒರುಸ್ತಾರೆ ಕಣಯ್ಯ," ಎಂದರು ಮಾಲೀಕರು. ಇಷ್ಟು ವರ್ಷವಾದರೂ ಆ ವಾಕ್ಯ ನೆನೆದರೆ ನನ್ನ ಹಲ್ಲು ಕಟಕಟ ಎನ್ನುತ್ತದೆ.

ಮೇಡಂ ಗಂಟಿಗೆ ಕೈ ಹಾಕಿದರು. "ಅದ ಬಿಚ್ಚುದ್ರೆ ನಾಳೆಯಿಂದ ಬರ್ಬೇಡಿ," ಎಂದರು ಮಾಲೀಕರು. ಸುಮ್ಮನಿದ್ದಿದ್ದರೆ ಕೆಲಸ ಉಳಿಯುತ್ತಿತ್ತು. ಮನೆ ಅವರ ಸಂಬಳದ ಮೇಲೆಯೇ ನಡೆಯುತ್ತಿತ್ತು, ಅದೂ ಎಲ್ಲರಿಗೂ ಗೊತ್ತಿತ್ತು. ಅವರು ನಿಧಾನವಾಗಿ ಗಂಟು ಬಿಚ್ಚಿದರು. ನಾಣ್ಯವನ್ನು ಪ್ಯಾಕಿಂಗಿನವನ ಅಂಗೈಗೆ ಹಾಕಿ, "ಟೀ ಕುಡಿಯಪ್ಪ," ಎಂದರು. ಹೊಸ್ತಿಲಾಚೆ ನಿಂತು ಡಬ್ಬಿ ತೆಗೆದು ವಿಭೂತಿ ಹಚ್ಚಿಕೊಂಡು, ಬಸ್ ಸ್ಟಾಪಿನ ಕಡೆ ನಡೆದರು. ಆಮೇಲೆ ಕನಕಪುರದಲ್ಲಿ ಟ್ಯೂಷನ್ ಹೇಳಿಕೊಡುತ್ತಿದ್ದಾರೆಂದು ಕೇಳಿದ್ದೆ.

ಹೋದ ತಿಂಗಳು ಮಾಗಡಿ ಬಸ್ ಸ್ಟ್ಯಾಂಡಿನಲ್ಲಿ ಆ ಪ್ಯಾಕಿಂಗಿನವನು ಸಿಕ್ಕ. ಇಬ್ಬರಿಗೂ ತಲೆ ನರೆತಿದೆ. ಮೇಡಂ ತೀರಿಕೊಂಡ ಸುದ್ದಿ ಹೇಳಿದ, ಡೆಂಗಿ ಜ್ವರವಂತೆ. ಕಣ್ಣೊರೆಸಿಕೊಂಡ. ಆಮೇಲೆ, "ಅವತ್ತು ಆ ಗಂಟು ಬಿಚ್ಬಾರ್ದಾಗಿತ್ತು ಕಣ್ಲಾ," ಎಂದ.

ನಾನು ಕೂಗಾಡಿಬಿಟ್ಟೆ. "ಸೊಳ್ಳೆ ಕಚ್ಚಿ ಸತ್ರು ಕಣ್ಲಾ! ಸೊಳ್ಳೆ! ಮಿಷನ್ ಸರಿ ಮಾಡಿದ್ದು ಅವ್ರು, ನಿನ್ನ ಗಂಟಲ್ಲ!" ಜನ ತಿರುಗಿ ನೋಡಿದರು. ಕಂಡಕ್ಟರ್ ಕೂಡ ಇಣುಕಿದ. ಅವನು ಗಾಬರಿಯಾಗಿ ನನಗೆ ನೀರಿನ ಬಾಟಲಿ ಹಿಡಿದ. "ಆಯ್ತು ಬುಡಪ್ಪ, ಅವ್ರೇ ಮಾಡುದ್ರು. ನೀನು ಒಸಿ ಕೂತ್ಕೊ," ಎಂದ. ಮಗುವನ್ನು ಸಮಾಧಾನ ಮಾಡುವ ದನಿ. ಒಂದಕ್ಷರವನ್ನೂ ನಂಬಲಿಲ್ಲ.

ಅವನಿಗೂ ಅವರ ಮೇಲೆ ಪ್ರೀತಿಯಿತ್ತು, ನನ್ನನ್ನು ಸುಡುವುದು ಅದೇ. ಅವನು ಈ ಕಥೆಯನ್ನು ಪ್ರೀತಿಯಿಂದ ಎಷ್ಟು ಜನರಿಗೆ ಹೇಳಿದ್ದಾನೋ. ಆ ಭಾನುವಾರ ಅಲ್ಲಿದ್ದವರು ಮೇಡಂ, ನಾನು ಇಬ್ಬರೇ, ಈಗ ನಾನೊಬ್ಬ. ನನಗೂ ಬಿಪಿ, ಸಕ್ಕರೆ, ಮೇಲಾಗಿ ಸೊಳ್ಳೆಯ ಭಯ. ಅದಕ್ಕೇ ಯಾರೂ ಕೇಳದಿದ್ದರೂ ಹೇಳುತ್ತಿದ್ದೇನೆ: ಒರೆಸಿದ್ದು ಅವರು.